ಎರಡು ಉಪ್ಪು ಹಾಕಿ, ಅತ್ತಿಗೆ

ಮದುವೆಯೇ ಆಗದ ಹೆಂಗಸನ್ನು ಊರಿಗೆ ಊರೇ ‘ಅತ್ತಿಗೆ’ ಎಂದು ಕರೆದರೆ ಅವಳು ಯಾರ ಹತ್ತಿರ ಹೋಗಿ ದೂರು ಕೊಡಬೇಕು, ನೀವೇ ಹೇಳಿ. ಗಂಡನಿಲ್ಲ, ಇನ್ನು ಗಂಡನ ತಮ್ಮ ಎಲ್ಲಿಂದ ಬರಬೇಕು? ಆದರೂ ಔಷಧಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರಿಗೂ ಅವಳು ಅತ್ತಿಗೆಯೇ. ಹಲ್ಲಿನ ಡಾಕ್ಟರಂತೂ ಅವಳ ಬಾಯೊಳಗೆ ಪುಟ್ಟ ಕನ್ನಡಿ ತೂರಿಸಿಕೊಂಡೇ, “ಇನ್ನೂ ಎಷ್ಟು ಅಂತ ಸಹಿಸ್ಕೋತೀರಾ ಅತ್ತಿಗೆ?” ಎಂದು ಕಣ್ಣೊರೆಸಿಕೊಂಡಿದ್ದರು. ಬಾಯಿ ಅಗಲಿಸಿಕೊಂಡು ಮಲಗಿದ್ದ ಅವಳಿಗೆ ಉತ್ತರ ಕೊಡಲು ಆಗಲಿಲ್ಲ. ಉತ್ತರ ಕೊಡದೆ ಎದ್ದು ಬಂದದ್ದು ಅವಳ ಮೂವತ್ತನಾಲ್ಕು ವರ್ಷಗಳಲ್ಲಿ ಅದೇ ಮೊದಲು.

ಯಾಕೆಂದರೆ ಅವಳು ಬಾಯಿಯಿಂದಲೇ ಬದುಕಿದವಳು. ಮನೆಯಲ್ಲಿ ಅಪ್ಪ, ಹೊರಗೆ ಜನ, ಎಲ್ಲರೂ ಕರೆಯುತ್ತಿದ್ದದ್ದು ಪಟಾಕಿ ಎಂದು. ಮೇಜು ಕುರ್ಚಿ ಮಾರುವ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ಗೋಡೆಗೆ ಒರಗಿಸಿಟ್ಟ ಮಾರಾಟವಾಗದ ಮಂಚಗಳು: ಅದೇ ಅವಳ ರಂಗಸ್ಥಳ. ಆ ಜಾಗ ನಡೆಸುತ್ತಿದ್ದ ದಪ್ಪ ಮನುಷ್ಯನನ್ನು ಎಲ್ಲರೂ ಮೈಕ್ ಮಾಮ ಎನ್ನುತ್ತಿದ್ದರು. ವಾರಕ್ಕೆರಡು ದಿನ, ಒಂಬತ್ತು ವರ್ಷ, ಅವಳು ಅಲ್ಲಿ ಒಬ್ಬಳೇ ನಿಂತು ಸ್ಟ್ಯಾಂಡ್-ಅಪ್ ಕಾಮಿಡಿ ಮಾಡಿದ್ದಳು. ಒಮ್ಮೆ ಯಾರೋ ಒಬ್ಬ ನಕ್ಕು ನಕ್ಕು ಕುರ್ಚಿ ಸಮೇತ ಹಿಂದಕ್ಕೆ ಬಿದ್ದು ಒಂದು ಮಂಚದ ಕಾಲು ಮುರಿದ. ಅಂಗಡಿಯವರು ಬಂದು ಕೂಗಾಡಿದರು. ಅವಳಿಗೆ ಮಾತ್ರ ಪ್ರಶಸ್ತಿ ಬಂದಷ್ಟು ಖುಷಿಯಾಗಿತ್ತು.

ಅವಳ ಹಾಸ್ಯದ ಗುಟ್ಟು ಇದ್ದದ್ದು ಮಾತಿನಲ್ಲಲ್ಲ, ಮಾತು ನಿಲ್ಲಿಸುವುದರಲ್ಲಿ. ಅದನ್ನು ಕಲಿಸಿದವನು ಅಪ್ಪ, ತನಗೇ ಗೊತ್ತಿಲ್ಲದೆ. ಅಪ್ಪ ಹಳೇ ಕಾಲದ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಮೂವತ್ತೊಂದು ವರ್ಷ ಒಂದೊಂದೇ ಅಕ್ಷರದ ಸೀಸದ ಮೊಳೆ ಹೆಕ್ಕಿ, ಉಲ್ಟಾ ಸಾಲು ಕಟ್ಟಿ, ಯಂತ್ರಗಳೆಲ್ಲ ಗುಜರಿಗೆ ಹೋದ ದಿನ ಮನೆಗೆ ಬಂದು ಕೂತವನು. ಯಾರು ಏನು ಹೇಳಿದರೂ ಅಪ್ಪ ಅದನ್ನು ತಲೆಯೊಳಗೆ ಮೊಳೆ ಮೊಳೆಯಾಗಿ ಜೋಡಿಸಿಕೊಂಡ ಮೇಲೆಯೇ ಅರ್ಥವಾಗಬೇಕು. ಚಿಕ್ಕವಳಿದ್ದಾಗ ಅವಳು ಜೋಕು ಹೇಳಿದರೆ ಅಪ್ಪನ ಮುಖ ಖಾಲಿ. ಒಂದು. ಎರಡು. ಮೂರು ಎನ್ನುವಾಗ ಹುಬ್ಬು ಮೇಲೇರಿ, ಭುಜ ಕುಲುಕಿ, ಹೊಟ್ಟೆಯ ತಳದಿಂದ ನಗು ಹೊರಡುತ್ತಿತ್ತು. ಹೊರಟರೆ ಬೇಗ ನಿಲ್ಲುವಂಥದ್ದಲ್ಲ ಅದು. ಅಮ್ಮ ಬದುಕಿದ್ದಾಗ, “ಸಾಕು ನಿಲ್ಸಿ ಮಾರಾಯ್ರೇ, ಅಕ್ಕಪಕ್ಕದೋರು ಏನಂದ್ಕೊಂಡಾರು!” ಎಂದು ನೀರು ತಂದು ಕೊಡುತ್ತಿದ್ದಳು.

ಹೀಗೆ ಆ ಮೂರು ಎಣಿಕೆ ಕಾಯುವುದು ಅವಳಿಗೆ ರಕ್ತಗತವಾಯಿತು. ವೇದಿಕೆಯ ಮೇಲೂ ಅಷ್ಟೇ. ಜೋಕಿನ ಬಾಲವನ್ನು ಕೈಯಲ್ಲೇ ಹಿಡಿದುಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ಮೂರು ಎಣಿಸಿ, ಆಮೇಲೆ ಬಿಡುತ್ತಿದ್ದಳು. ಆ ಖಾಲಿ ಜಾಗದಲ್ಲೇ ಜನ ಕಿಸಕ್ಕನೆ ನಗಲು ಶುರು ಮಾಡುತ್ತಿದ್ದರು, ಬಾಲ ಬಿಟ್ಟ ಮೇಲಂತೂ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಎಲ್ಲರೂ ನಕ್ಕು ಸುಸ್ತಾದ ಮೇಲೆ ಅವನೊಬ್ಬನ ನಗು ಬರುತ್ತಿತ್ತು. ಅದು ಕೇಳಿಸದೆ ಅವಳು ಮುಂದಿನ ಜೋಕಿಗೆ ಹೋಗುತ್ತಿರಲಿಲ್ಲ.

ಇಂಥವಳನ್ನು ಹುಡುಕಿಕೊಂಡು ಒಂದು ಶನಿವಾರ ಟೀವಿ ಧಾರಾವಾಹಿಯ ಡೈರೆಕ್ಟರ್ ಬಂದರು. ಸಂಜೆ ಏಳು ಗಂಟೆಯ ಧಾರಾವಾಹಿ. ದೊಡ್ಡ ಕೂಡುಕುಟುಂಬ, ಎಲ್ಲರೂ ಅಳುವವರೇ. “ಮಧ್ಯದಲ್ಲಿ ಸ್ವಲ್ಪ ಗಾಳಿ ಆಡ್ಬೇಕಮ್ಮ. ಒಬ್ಬಳು ಬಾಯಿಬಡುಕಿ ಹಿರಿಸೊಸೆ. ಬಂದು ನಗಿಸಿ ಹೋಗ್ಬಿಡು, ಮೂರೇ ವಾರ,” ಎಂದರು. ಮೂರು ವಾರ ತಾನೇ ಎಂದು ಹೋದಳು. ಹೋದವಳು ಬಾಗಿಲು ಎತ್ತ ಇದೆ ಎಂದು ನೋಡಿಟ್ಟುಕೊಳ್ಳಬೇಕಿತ್ತು.

ಮೊದಲ ದಿನದ ಮೊದಲ ಶಾಟು. ಮೂರೇ ಗೋಡೆಯ ಊಟದ ಮನೆ, ತಲೆಯ ಮೇಲೆ ಕಾಯುತ್ತಿದ್ದ ಲೈಟುಗಳು. “ಸೈಲೆನ್ಸ್!” ಎಂದದ್ದೇ ತಡ, ಐವತ್ತು ಜನ ಉಸಿರು ಬಿಗಿಹಿಡಿದು ನಿಂತರು. ಅವಳ ಮಾತು ಅವಳೇ ಬರೆದುಕೊಂಡದ್ದು. “ಈ ಮನೇಲಿ ನಾನೂ ಒಂದೇ, ಉಪ್ಪೂ ಒಂದೇ. ಇದ್ರೆ ಯಾರಿಗೂ ಗೊತ್ತೇ ಆಗಲ್ಲ.” ಇಷ್ಟು ಹೇಳಿ ನಿಲ್ಲಿಸಿದಳು. ಇದರ ಬಾಲ ಹೀಗಿತ್ತು: “ಇಲ್ದಿದ್ರೆ ಮಾತ್ರ ತಟ್ಟೆ ಎತ್ತಿ ಎಸೀತಾರೆ.” ಒಂದು. ಎರಡು. ಮೂರು. ಯಾರೂ ನಗಲಿಲ್ಲ. ಹೇಗೆ ನಕ್ಕಾರು? ರೆಕಾರ್ಡಿಂಗ್ ನಡೆಯುವಾಗ ಕೆಮ್ಮಿದರೂ ಕೆಲಸ ಹೋಗುತ್ತದೆ. ಅದು ಅವಳಿಗೆ ಆ ಕ್ಷಣದಲ್ಲಿ ಹೊಳೆಯಲೇ ಇಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಜಾಗಕ್ಕೆ ನಗು ಬಂದಿರಲಿಲ್ಲ. ನಾಲ್ಕು, ಐದು ಎಂದು ಕಾಯುತ್ತಲೇ ಇದ್ದಳು. ಲೈಟಿನ ಝಳಕ್ಕೆ ಕಣ್ಣಲ್ಲಿ ನೀರಾಡಿತು. ಕ್ಯಾಮೆರಾ ಮೆಲ್ಲಗೆ ಹತ್ತಿರ ಬಂತು.

“ಕಟ್! ಅಬ್ಬಬ್ಬಾ, ಏನ್ ನೋವಮ್ಮ ತಾಯಿ ಆ ಮುಖದಲ್ಲಿ!” ಎಂದು ಡೈರೆಕ್ಟರ್ ಓಡಿ ಬಂದರು.

“ನೋವಲ್ಲ ಸರ್, ನಗೋರಿಗೆ ಅಂತ ಜಾಗ ಬಿಟ್ಟಿದ್ದೆ. ಇನ್ನೊಂದು ಮಾತಿದೆ—”

“ಇನ್ನೊಂದು ಮಾತು ಬೇಡವೇ ಬೇಡ. ಆ ಜಾಗ ಇದೆಯಲ್ಲ, ಅದೇ ಬಂಗಾರ!”

ಎಡಿಟರ್ ಮಹಾಶಯ ಆ ಜಾಗಕ್ಕೆ ಪಿಟೀಲು ತುಂಬಿಸಿದ. ಮರುದಿನ ಸಂಜೆ ಮನೆ ಮನೆಯಲ್ಲೂ ಹೆಂಗಸರು ಗಂಡಸರೆನ್ನದೆ ಮೂಗೊರೆಸಿಕೊಂಡರು. ವಾರದೊಳಗೆ ಧಾರಾವಾಹಿ ಮೊದಲನೇ ಸ್ಥಾನಕ್ಕೆ ಹೋಯಿತು. ಬಾಯಿಬಡುಕಿ ಹಿರಿಸೊಸೆ ಹೋಗಿ, ಮೈದುನಂದಿರು ಎಷ್ಟು ಚುಚ್ಚಿದರೂ ತುಟಿ ಪಿಟಕ್ಕೆನ್ನದ ಉಪ್ಪಿನ ಅತ್ತಿಗೆ ಹುಟ್ಟಿಕೊಂಡಳು. ಸೆಟ್ಟಿನಲ್ಲಿ ಅವಳ ಮೌನಕ್ಕೆ ‘ಉಪ್ಪು’ ಎಂದೇ ಹೆಸರು ಬಿತ್ತು. “ಇಲ್ಲಿ ಎರಡು ಉಪ್ಪು ಹಾಕಿ, ಅತ್ತಿಗೆ,” ಎಂದರೆ ಎರಡು ಎಣಿಕೆ ಸುಮ್ಮನಿರಬೇಕು. ಸಾವಿನ ಸುದ್ದಿ ಬಂದರೆ ಐದು. ಕಣ್ಣೀರಿಗೆ ಗ್ಲಿಸರಿನ್ ಕೂಡ ಬೇಕಿರಲಿಲ್ಲ. ಅವಳು ಮಾಡುತ್ತಿದ್ದದ್ದು ಇಷ್ಟೇ: ನಗು ಬರಲಿ ಎಂದು ಕಾಯುವುದು. ಬಾರದ ನಗುವಿಗೆ ಕಾಯುವವಳ ಮುಖಕ್ಕಿಂತ ದೊಡ್ಡ ದುಃಖ ಆ ಡೈರೆಕ್ಟರ್ ತಮ್ಮ ಜನ್ಮದಲ್ಲಿ ನೋಡಿರಲಿಲ್ಲವಂತೆ!

ಮೂರು ವಾರ ಎರಡು ವರ್ಷವಾಯಿತು. ಬೆಳಿಗ್ಗೆ ಆರಕ್ಕೆ ಕಾರು, ಕಿಟಕಿಯಿಲ್ಲದ ಮೇಕಪ್ ಕೋಣೆ, ಕನ್ನಡಿಯ ಸುತ್ತ ಹನ್ನೆರಡು ಬಲ್ಬು, ಮತ್ತದೇ ಮೂರು ಗೋಡೆ. ನಾಲ್ಕನೇ ಗೋಡೆ ಇಲ್ಲದ ಮನೆಯಿಂದ ಹೊರಗೆ ಬರಲಾಗದೆ ಇರುವುದು ಹೇಗೆ ಎಂಬ ಜೋಕನ್ನು ಅವಳು ಮೇಕಪ್ ಮಾಡುವವಳಿಗೆ ಹೇಳಿದಳು. ಅವಳು ಬ್ರಷ್ಷು ಕೆಳಗಿಟ್ಟು ಅಪ್ಪಿಕೊಂಡು ಅತ್ತಳು. ಬೀದಿಯಲ್ಲೂ ಇದೇ ಕಥೆ. ಏನು ತಮಾಷೆ ಮಾಡಿದರೂ ಜನ ಒಬ್ಬರಿಗೊಬ್ಬರು ಪಿಸುಗುಡುತ್ತಿದ್ದರು: “ನೋಡ್ದಾ, ಒಳಗೆ ಅಷ್ಟು ಸಂಕಟ ಇಟ್ಕೊಂಡು ಹೆಂಗೆ ನಗಿಸೋಕೆ ನೋಡ್ತಾರೆ, ಪಾಪ.” ಅಲ್ಲ ಸ್ವಾಮಿ, ಅತ್ತರೆ ಅಳು ಎನ್ನುತ್ತೀರಿ, ನಗಿಸಿದರೂ ಅಳು ಎನ್ನುತ್ತೀರಿ, ಮನುಷ್ಯಳು ಇನ್ನು ಮಾಡುವುದಾದರೂ ಏನು? ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಬಕೆಟ್ಟಿಗೆ ಜೋಕು ಹೇಳುತ್ತಿದ್ದಳು. ಬಕೆಟ್ಟೊಂದೇ ಅವಳನ್ನು ಅತ್ತಿಗೆ ಎನ್ನದಿದ್ದದ್ದು.

ಹಳೆಯ ಅಗ್ರಿಮೆಂಟು ಒಂದು ಶುಕ್ರವಾರಕ್ಕೆ ಮುಗಿಯಿತು. ಹೊಸದು ಮೂರು ವರ್ಷದ್ದು. ಹಳೆಯದರಲ್ಲಿದ್ದ ಷರತ್ತು ಇದರಲ್ಲೂ ಇತ್ತು: ಹಾಸ್ಯದ ವೇದಿಕೆ ಹತ್ತುವಂತಿಲ್ಲ, ಅತ್ತಿಗೆಯ ಇಮೇಜು ಕೆಡುತ್ತದೆ. ಪ್ರೊಡಕ್ಷನ್ ಮ್ಯಾನೇಜರ್ ಕಾಗದ ಕೊಟ್ಟು ಹೇಳಿದ: “ಭಾನುವಾರ ಸಂಜೆಯೊಳಗೆ ಹೇಳ್ಬೇಕು ಅತ್ತಿಗೆ. ರೈಟರ್ ಎರಡು ಥರ ಬರೆದಿಟ್ಟಿದಾರೆ. ಸಹಿ ಹಾಕಿದ್ರೆ ಬದುಕ್ತೀರಿ. ಇಲ್ಲಾಂದ್ರೆ ಸೋಮವಾರ ಮೆಟ್ಟಿಲಿಂದ ಬೀಳ್ತೀರಿ.”

“ಎಷ್ಟು ಮೆಟ್ಟಿಲು?” ಎಂದು ಕೇಳಿದಳು.

ಅವನು ಕಣ್ಣು ತುಂಬಿಕೊಂಡ.

ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಅವಳು ಯಾರ ಅತ್ತಿಗೆಯೂ ಅಲ್ಲದ ಎರಡು ದಿನವಿತ್ತು. ಮೈಕ್ ಮಾಮನಿಗೆ ಫೋನು ಮಾಡಿದಳು. “ಹನ್ನೆರಡು ನಿಮಿಷ ಕೊಡು ಮಾಮ.” ಅವನು, “ಹನ್ನೆರಡಲ್ಲ, ಭಾನುವಾರ ಮಧ್ಯಾಹ್ನ ಪೂರ್ತಿ ನಿಂದೇ ಪಟಾಕಿ,” ಎಂದ. ಪಟಾಕಿ ಎಂಬ ಮಾತನ್ನು ಅಪ್ಪನಲ್ಲದೆ ಬೇರೆಯವರ ಬಾಯಲ್ಲಿ ಅವಳು ಕೇಳಿ ಎರಡು ವರ್ಷವಾಗಿತ್ತು.

ಶನಿವಾರ ಅಪ್ಪನ ಮುಂದೆ ಹಳೆಯ ಜೋಕೊಂದನ್ನು ಹೇಳಿ ನೋಡಿದಳು. ಅವನು ಎಷ್ಟೋ ಸಲ ಕೇಳಿ ನಕ್ಕಿದ್ದ ಜೋಕು. ನಿಲ್ಲಿಸಿ ಮೂರು ಎಣಿಸಿದಳು. ಮೂರನೆಯದಕ್ಕೆ ಅಪ್ಪನ ಗಲ್ಲ ನಡುಗಿತು. ಕನ್ನಡಕ ತೆಗೆದ.

“ನೀನೂನಾ ಅಪ್ಪಾ!”

“ಬೈಬೇಡ ಮಗಳೇ. ದಿನಾ ಏಳು ಗಂಟೆಗೆ ನಿನ್ನ ನೋಡೀ ನೋಡೀ... ನೀನು ಮಾತು ನಿಲ್ಲಿಸಿದ ತಕ್ಷಣ ಆ ಪಿಟೀಲು ಕೇಳುತ್ತೆ ನನಗೆ. ನಾನೇನು ಮಾಡ್ಲಿ ಹೇಳು?”

ಅವಳಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೆ ಭಯವಿತ್ತು, ಅದು ಅವಳಿಗೂ ಗೊತ್ತಿತ್ತು. ಕಾಗದವನ್ನು ಮೇಜಿನ ಮೇಲೆ ಎಸೆದು ಹೇಳಿದಳು: “ಕೇಳು. ನಾಳೆ ಆ ನಲವತ್ತು ಜನರಲ್ಲಿ ನೀನೊಬ್ಬ ನಕ್ಕರೂ ಸಾಕು, ನಾನು ಇದಕ್ಕೆ ಸಹಿ ಹಾಕಲ್ಲ. ಮೆಟ್ಟಿಲಿಂದ ಬಿದ್ದು ಸಾಯ್ತೀನಿ, ಆರಾಮಾಗಿ ಮನೆಗೆ ಬರ್ತೀನಿ. ಯಾರೂ ನಗಲಿಲ್ಲ ಅಂದ್ರೆ ನನ್ನ ಹತ್ರ ಇನ್ನೇನೂ ಇಲ್ಲ ಅಂತಾಯ್ತು. ಆಮೇಲೆ ಎಲ್ಲಿದ್ರೇನು.”

ಅಪ್ಪ ಅವಳ ಮಾತನ್ನು ಜೋಡಿಸಿಕೊಳ್ಳುತ್ತಾ ಬಹಳ ಹೊತ್ತು ಕೂತ. ಆಮೇಲೆ, “ನಾನು ನಗ್ತೀನಿ,” ಎಂದ. “ನಗ್ತೀನಿ ಬಿಡು.”

ಭಾನುವಾರ ನೆಲಮಾಳಿಗೆ ಕಿಕ್ಕಿರಿದಿತ್ತು. ನಲವತ್ತು ಕುರ್ಚಿ ಸಾಲದೆ ಮೈಕ್ ಮಾಮ ಮಂಚಗಳನ್ನೂ ಇಳಿಸಿ ಹಾಕಿಸಿದ್ದ. ಅವಳು ವೇದಿಕೆ ಹತ್ತಿ ನೋಡಿದರೆ, ಬಂದವರೆಲ್ಲರ ಕೈಯಲ್ಲೂ ಕರವಸ್ತ್ರ ರೆಡಿ! ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪ ಕೂತಿದ್ದ, ಪರೀಕ್ಷೆಗೆ ಕೂತವನ ಹಾಗೆ ಕೈ ಎರಡೂ ಮೊಣಕಾಲ ಮೇಲೆ. ಮ್ಯಾನೇಜರ್ ಗೋಡೆಗೊರಗಿ ನಿಂತಿದ್ದ, ಕಂಕುಳಲ್ಲಿ ಫೈಲು.

ಮೊದಲ ಜೋಕು ಹಲ್ಲಿನ ಡಾಕ್ಟರದ್ದು. ನಿಲ್ಲಿಸಿದಳು. ಮೂರು ಎಣಿಸುವುದರೊಳಗೆ ಮುಂದಿನ ಸಾಲಿನಿಂದ ಬಿಕ್ಕು ಕೇಳಿಸಿತು. ಎರಡನೆಯದನ್ನು ಜಾಗವೇ ಬಿಡದೆ ಗಡಗಡ ಹೇಳಿ ಮುಗಿಸಿದಳು. ಜನ ಕಕ್ಕಾಬಿಕ್ಕಿಯಾದರು. “ಪಾಪ, ತಡಬಡಾಯಿಸ್ತಿದಾರೆ, ಮೈಯಲ್ಲಿ ಹುಷಾರಿಲ್ವೇನೋ,” ಎಂದಿತು ಒಂದು ದನಿ. ಉಳಿದದ್ದು ಒಂದೇ, ಅಪ್ಪನ ಮೇಲೆ ಹೊಸದಾಗಿ ಬರೆದ ಜೋಕು. ಅವನಿಗೂ ಹೇಳದೆ ಇಟ್ಟುಕೊಂಡಿದ್ದಳು.

“ನಮ್ಮಪ್ಪ ಅಚ್ಚಿನ ಮೊಳೆ ಜೋಡಿಸೋರು,” ಎಂದು ಶುರು ಮಾಡಿದಳು. “ಬಹಳ ನಿಧಾನ. ನಮ್ಮಮ್ಮನ್ನ ಇಷ್ಟಪಟ್ಟು, ಅವಳಿಗೆ ಒಂದು ಪ್ರೇಮಪತ್ರ ಕೊಡೋಣ ಅಂತ ಕೂತರು. ಕೈಯಲ್ಲಿ ಬರೀಬಹುದಿತ್ತು. ಊಹೂಂ! ಅಚ್ಚು ಹಾಕಿಯೇ ಕೊಡ್ಬೇಕು ಅಂತ ಹಟ. ಒಂದೊಂದೇ ಮೊಳೆ ಹೆಕ್ಕಿದರು, ಜೋಡಿಸಿದರು, ತಪ್ಪಾಯ್ತು ಅಂತ ಕಿತ್ತರು, ಮತ್ತೆ ಜೋಡಿಸಿದರು. ಅಂತೂ ಪತ್ರ ಮುಗಿಯೋ ಹೊತ್ತಿಗೆ... ಅಮ್ಮನಿಗೆ ಮದುವೆ ಆಗಿಹೋಗಿತ್ತು.”

ನಿಲ್ಲಿಸಿದಳು. ಬಾಲ ಕೈಯಲ್ಲೇ ಇತ್ತು. ಒಂದು—

ಒಂದು ಎನ್ನುವ ಮೊದಲೇ ಅಪ್ಪ ನಕ್ಕ.

ಹಾ ಹಾ ಹಾ ಎಂದು, ಪುಸ್ತಕದಲ್ಲಿ ಅಚ್ಚಾದ ನಗುವನ್ನು ಓದಿದ ಹಾಗೆ ನಕ್ಕ. ಚಪ್ಪಾಳೆ ಬೇರೆ ತಟ್ಟಿದ. ಹುಬ್ಬು ಮೇಲೇರಲಿಲ್ಲ, ಭುಜ ಕುಲುಕಲಿಲ್ಲ. ಜನ್ಮದಲ್ಲೇ ಮೂರರ ಒಳಗೆ ನಗದ ಮನುಷ್ಯ, ಜೋಕು ಮುಗಿಯುವುದಕ್ಕೂ ಕಾಯದೆ, ಅವಳನ್ನೇ ದಿಟ್ಟಿಸಿ ನೋಡುತ್ತಾ ನಗುತ್ತಿದ್ದ. ಸಹಿ ಹಾಕಬೇಡ ಪಟಾಕಿ, ನೋಡು ನಕ್ಕೆ, ನಾನು ನಕ್ಕೆ ಎನ್ನುತ್ತಿದ್ದವು ಅವನ ಕಣ್ಣುಗಳು. ಸುಳ್ಳು ನಗುವನ್ನು ಅಪ್ಪನಿಂದ ಮಾಡಿಸುವ ಮಟ್ಟಕ್ಕೆ ಬಂದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಇಡೀ ನೆಲಮಾಳಿಗೆ ಹಿಂದಕ್ಕೆ ತಿರುಗಿತ್ತು.

“ಯಾರ್ರೀ ಅದು? ಮನುಷ್ಯತ್ವ ಇಲ್ವಾ ನಿಮಗೆ?” ಎಂದು ಹೆಂಗಸೊಬ್ಬಳು ಎದ್ದಳು. ಬಾಗಿಲ ಬಳಿ ನಿಂತಿದ್ದ ಆಜಾನುಬಾಹು ಒಬ್ಬ ಅಪ್ಪನ ಹೆಗಲಿಗೆ ಕೈ ಹಾಕಿ, “ಏಳ್ರೀ, ಹೊರಗೆ ನಡೀರಿ,” ಎಂದ. ಅಪ್ಪ ಏಳಲಿಲ್ಲ. ಬೆದರಿದ್ದ, ಆದರೂ ನಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಗಳು ಸಹಿ ಹಾಕಿಬಿಡುತ್ತಾಳೆ.

“ಬಿಡಿ ಅವರನ್ನ! ಅವರು ನಮ್ಮಪ್ಪ!” ಎಂದು ಕೂಗಿದಳು.

“ಅಪ್ಪನಾ? ಹೆತ್ತಪ್ಪನೇ ಅತ್ತಿಗೆ ನೋವಿಗೆ ನಗ್ತಾನಾ?” ಗದ್ದಲ ಇನ್ನೂ ಏರಿತು. ಯಾರೋ ಅಂಗಿಯ ಕಾಲರು ಹಿಡಿದರು. ಇಸ್ತ್ರಿ ಮಾಡಿದ ಕಾಲರು. ಹಾ ಹಾ ಎನ್ನುತ್ತಿದ್ದ ಅಪ್ಪನ ದನಿ ಒಡೆಯಿತು.

ಆಗ ಅವಳು ಮಾಡಬಾರದೆಂದು ಎಣಿಸಿದ್ದನ್ನು ಮಾಡಿದಳು. ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯನ್ನು ಒಂದಿಷ್ಟು ಬಗ್ಗಿಸಿ, ಅತ್ತಿಗೆಯ ಮುಖವನ್ನು ತಾನಾಗಿಯೇ ಹಾಕಿಕೊಂಡಳು. ಎರಡು ಉಪ್ಪು. ಮೂರು. ನಾಲ್ಕು. ಒಬ್ಬೊಬ್ಬರಾಗಿ ಜನ ಮುಂದಕ್ಕೆ ತಿರುಗಿದರು. ಕಾಲರು ಹಿಡಿದ ಕೈ ಸಡಿಲವಾಯಿತು. ಐದು.

“ನಗಲಿ ಬಿಡಿ,” ಎಂದಳು ಅತ್ತಿಗೆಯ ದನಿಯಲ್ಲಿ. “ನಗೋರು ನಗಲಿ.”

ನೆಲಮಾಳಿಗೆಗೆ ನೆಲಮಾಳಿಗೆಯೇ ಎದ್ದು ನಿಂತು ಅತ್ತುಕೊಂಡು ಚಪ್ಪಾಳೆ ತಟ್ಟಿತು. ಅಪ್ಪನನ್ನು ಎಲ್ಲರೂ ಮರೆತರು. ಮೈಕ್ ಮಾಮ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದ. ಆ ಮುಖವನ್ನು ಇಷ್ಟು ದಿನ ಬೇರೆಯವರು ಅವಳಿಂದ ತೆಗೆಸುತ್ತಿದ್ದರು. ಇವತ್ತು ಕೇಳುವವರಿಲ್ಲದೆ ಅವಳೇ ತೆಗೆದುಕೊಟ್ಟಿದ್ದಳು. ಪ್ರೇಮಪತ್ರದ ಜೋಕಿನ ಬಾಲ ಅವಳ ಬಾಯಲ್ಲೇ ಉಳಿಯಿತು.

ಮಂಚದ ಮೇಲೆ ಫೈಲು ಇಟ್ಟುಕೊಂಡು ಆರು ಕಡೆ ಸಹಿ ಹಾಕಿದಳು. ಮ್ಯಾನೇಜರ್ ಮೂಗು ಎಳೆದುಕೊಳ್ಳುತ್ತಾ, “ಮೆಟ್ಟಿಲು ಬೇಡ ಅಂತ ರೈಟರ್‌ಗೆ ಹೇಳ್ಬಿಡ್ಲಾ ಅತ್ತಿಗೆ?” ಎಂದು ಕೇಳಿ, ಅಲ್ಲಿಂದಲೇ ಫೋನು ಮಾಡಿದ. ನಾಳೆ ಆರಕ್ಕೆ ಕಾರು ಎಂದ.

ಕಾರಿನಲ್ಲಿ ಕೂತರೆ ಅಪ್ಪನಿಗೆ ತಲೆ ಸುತ್ತುತ್ತದೆಂದು ಅವರಿಬ್ಬರೂ ಬಸ್ಸಿನಲ್ಲಿ ಮನೆಗೆ ಹೊರಟರು. ಅವಳು ಕಿಟಕಿ ಕಡೆಗೆ ಮುಖ ಮಾಡಿ ಕೂತಳು. ಎರಡು ನಿಲ್ದಾಣ ಕಳೆದವು. ಅಪ್ಪ ಕಾಲರಿನ ಸುಕ್ಕು ನೀವಿಕೊಳ್ಳುತ್ತಿದ್ದ.

“ಸರಿಯಾಗಿ ನಕ್ಕೆನಾ ನಾನು?” ಎಂದ ಕೊನೆಗೆ.

“ಚೆನ್ನಾಗೇ ನಕ್ಕೆ ಅಪ್ಪಾ.”

“ಮತ್ತೆ ಸಹಿ ಹಾಕಿದ್ಯಲ್ಲ?”

ಬಸ್ಸು ಸಿಗ್ನಲ್ಲಿನಲ್ಲಿ ನಿಂತು ಹೊರಟಿತು. ಅಪ್ಪ ಏನನ್ನೋ ಜೋಡಿಸುತ್ತಿದ್ದ. ಅವನ ತುಟಿ ಸಣ್ಣಗೆ ಅಲುಗುತ್ತಿತ್ತು.

“ಅಲ್ಲ ಪಟಾಕಿ, ಅಮ್ಮನಿಗೆ ಮದುವೆ ಆಗಿಹೋಗಿತ್ತು ಅಂದ್ಯಲ್ಲ. ಅದು ಹೆಂಗೆ? ಆಮೇಲೆ ಏನೋ ಇರ್ಬೇಕಲ್ಲ ಅದಕ್ಕೆ?”

“ಇತ್ತು.”

“ಏನು?”

“ಪುಣ್ಯಕ್ಕೆ, ನಿನ್ನ ಜೊತೆಗೇ.”

ಅಪ್ಪನ ಮುಖ ಖಾಲಿಯಾಗಿತ್ತು. ಅವಳು ಎಣಿಸಬಾರದೆಂದುಕೊಂಡಳು. ರೂಢಿ, ಎಣಿಸಿದಳು. ಒಂದು. ಎರಡು. ಮೂರು.

ಅಪ್ಪನ ಹುಬ್ಬು ಮೇಲೇರಿತು. ಭುಜ ಕುಲುಕಿತು. ಹೊಟ್ಟೆಯ ತಳದಿಂದ, ಎರಡು ವರ್ಷದಿಂದ ಅಲ್ಲೇ ಕೂತಿದ್ದಂಥ ಆ ನಗು ಹೊರಟಿತು. “ನನ್ನ ಜೊತೆಗೇ! ಅಯ್ಯೋ, ನನ್ನ ಜೊತೆಗೇ!” ಎಂದು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, ಕನ್ನಡಕ ಜಾರಿ, ಉಸಿರು ಸಿಗದೆ ನಕ್ಕ. ನಿಜವಾದ ನಗು, ತಡವಾಗಿ ಬರುವ ನಗು. ಸಹಿ ಹಾಕಿದ ಫೈಲು ಆಗಲೇ ಊರಿನ ಇನ್ನೊಂದು ತುದಿ ಮುಟ್ಟಿತ್ತು. ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಟನೆಯಲ್ಲ, ಕಾಯುವುದೂ ಅಲ್ಲ, ಬರೀ ಅಳು.

ಬಸ್ಸಿನವರೆಲ್ಲ ತಿರುಗಿ ನೋಡಿದರು. ಮುಂದಿನ ಸೀಟಿನ ಹೆಂಗಸು ಗುರುತು ಹಿಡಿದಳು.

“ನೋಡ್ರೀ ಅನ್ಯಾಯನ!” ಎಂದು ಕೂಗಿದಳು. “ನಮ್ಮ ಅತ್ತಿಗೆ ಅಳ್ತಾ ಕೂತಿದಾರೆ, ಪಕ್ಕದಲ್ಲಿ ಈ ಮುದುಕ ನಗ್ತಾ ಇದ್ದಾನೆ!”